ಓದುಗರ ಪ್ರಶ್ನೆ: ನಾಟಕ ಬಿತ್ತೋ, ಹಾಡು ಕೇಳಿಸಲಿಲ್ಲವೋ?

ಈ ಸಲ ಕಾಸರಗೋಡು ಕಡೆಯಿಂದ ಬಂದ ಐದು ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಐದೂ ಹಾಡಿನ ನಾಟಕದ ಬಗ್ಗೆ, ಅದನ್ನು ಮೆಚ್ಚುವವರು ಮತ್ತು ಬೈಯುವವರ ಬಗ್ಗೆ. ಮೊದಲನೆಯ ಪತ್ರಕ್ಕೆ ಜಾಸ್ತಿ ಜಾಗ ಬೇಕಾಯಿತು. ಅದನ್ನು ಬರೆದವರು ತುಂಬ ಬೇಸರದಲ್ಲಿದ್ದಾರೆ.

ಪ್ರಶ್ನೆ: ನಮ್ಮ ಊರಿನ ಹುಡುಗ ಹುಡುಗಿಯರು ಸೇರಿ ಎರಡೂವರೆ ಗಂಟೆಯ ಒಂದು ಸಂಗೀತ ನಾಟಕ ಮಾಡಿದ್ದೇವೆ. ಹದಿನಾಲ್ಕು ಹಾಡು, ಎಲ್ಲವೂ ಹೊಸತು. ವೇದಿಕೆಯಲ್ಲೇ ಹಾಡುತ್ತೇವೆ, ರೆಕಾರ್ಡ್ ಇಲ್ಲ. ಮೊದಲ ಪ್ರದರ್ಶನಕ್ಕೆ ಹಾಲ್ ತುಂಬಿತ್ತು, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಬಂದವರು ಅರವತ್ತು ಜನ. ವಾಟ್ಸಾಪ್ ಗುಂಪಿನಲ್ಲಿ ಜಗಳವೋ ಜಗಳ. ಕೆಲವರು ಇಂಥ ನಾಟಕ ನಮ್ಮ ಕಡೆ ಬಂದೇ ಇಲ್ಲ ಎನ್ನುತ್ತಾರೆ. ಇನ್ನು ಕೆಲವರು ಕಥೆ ಅರ್ಥವಾಗಲಿಲ್ಲ, ಸುಮ್ನೆ ಹಾಡಿದ್ದೇ ಹಾಡಿದ್ದು ಎನ್ನುತ್ತಾರೆ. ನಮ್ಮ ಇಬ್ಬರು ಕಲಾವಿದರು ಗುಂಪು ಬಿಟ್ಟರು. ನಿಲ್ಲಿಸಬೇಕೇ? – ಒಬ್ಬ ಓದುಗ, ಬದಿಯಡ್ಕ

ಉತ್ತರ: ನಿಲ್ಲಿಸಬೇಡಿ. ಆದರೆ ನಾಲ್ಕನೇ ಪ್ರದರ್ಶನದ ದಿನವನ್ನು ಈಗಲೇ ಗೊತ್ತು ಮಾಡಬೇಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಮಾತು: ಕಥೆ ಅರ್ಥವಾಗಲಿಲ್ಲ. ಬೈದವರು ಹಾಡು ಚೆನ್ನಾಗಿಲ್ಲ ಎಂದಿಲ್ಲ, ಅಭಿನಯ ಚೆನ್ನಾಗಿಲ್ಲ ಎಂದೂ ಇಲ್ಲ. ಹಾಗಾಗಿ ಇದು ರುಚಿಯ ಜಗಳ ಅಂತ ನನಗೆ ಅನ್ನಿಸುವುದಿಲ್ಲ, ಕಿವಿಯ ವಿಷಯ ಇರಬೇಕು.

ನಮ್ಮ ಕಡೆಯವರ ಕಿವಿ ಯಕ್ಷಗಾನದಲ್ಲಿ ಬೆಳೆದದ್ದು. ಕುಂಬಳೆ ಸೀಮೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಆಟದಲ್ಲಿ ಏನಾಗುತ್ತದೆ? ಭಾಗವತರು ಪದ್ಯ ಹೇಳುತ್ತಾರೆ, ವೇಷಧಾರಿ ಕುಣಿಯುತ್ತಾನೆ, ಪದ್ಯ ಮುಗಿದ ಮೇಲೆ ಅದೇ ವಿಷಯವನ್ನು ಮಾತಿನಲ್ಲಿ ಬಿಡಿಸಿ ಅರ್ಥ ಹೇಳುತ್ತಾನೆ. ಪದ್ಯದ ಎರಡು ಸಾಲು ಚೆಂಡೆಯ ಸದ್ದಿನಲ್ಲಿ ಮುಳುಗಿಹೋದರೂ ನಮಗೆ ನಷ್ಟವಿಲ್ಲ, ಯಾಕೆಂದರೆ ಅರ್ಥ ಬರುತ್ತದೆ ಎಂದು ಗೊತ್ತು. ಹಾಗಾಗಿ ಪದ್ಯದ ಹೊತ್ತಿಗೆ ನಾವು ರಾಗ ಕೇಳುತ್ತೇವೆ, ಕುಣಿತ ನೋಡುತ್ತೇವೆ, ಪಕ್ಕದವರಿಗೆ ಇದು ಯಾವ ರಾಗ ಹೇಳಿ ನೋಡುವಾ ಎಂದು ಕೇಳುತ್ತೇವೆ. ಈ ಅಭ್ಯಾಸ ಇರುವವರು ನಿಮ್ಮ ನಾಟಕಕ್ಕೆ ಬಂದು ಕುಳಿತರೆ, ಹಾಡು ಶುರುವಾದ ಕೂಡಲೇ ಅವರ ಗಮನ ರಾಗದ ಕಡೆಗೆ ಹೋಗುತ್ತದೆ. ನಿಮ್ಮ ನಾಟಕದಲ್ಲಿ ಅರ್ಥ ಹೇಳುವವರಿಲ್ಲ. ಹಾಡಿನಲ್ಲೇ ಕಥೆ ಮುಂದೆ ಹೋಗಿಬಿಟ್ಟಿದೆ. ಹಾಡು ಮುಗಿಯುವಾಗ ನಾಯಕಿ ಮನೆ ಬಿಟ್ಟಾಗಿದೆ, ಯಾಕೆ ಬಿಟ್ಟಳು ಎಂದು ಅವರಿಗೆ ತಿಳಿದಿಲ್ಲ.

ಸಿನಿಮಾ ಹಾಡಿನ ಕಿವಿ ಇರುವ ಹುಡುಗರದ್ದು ಬೇರೆ ತೊಂದರೆ. ಅವರಿಗೆ ಹಾಡು ಎಂದರೆ ಕಥೆ ಸ್ವಲ್ಪ ನಿಲ್ಲುವ ಜಾಗ. ಅವರೂ ಅದೇ ಹೊತ್ತಿಗೆ ಮೊಬೈಲ್ ತೆಗೆಯುತ್ತಾರೆ. ನಾಟಕವನ್ನು ಮೆಚ್ಚಿದವರು ಯಾರು ಎಂದು ಒಮ್ಮೆ ವಿಚಾರಿಸಿ. ರಿಹರ್ಸಲ್ ನೋಡಿದವರು, ಹಾಡಿನ ಸಾಹಿತ್ಯ ಮೊದಲೇ ಓದಿದವರು, ಕಲಾವಿದರ ಮನೆಯವರು ಅವರಲ್ಲಿ ಜಾಸ್ತಿ ಇರಬಹುದು ಎಂದು ನನ್ನ ಅಂದಾಜು. ಅವರಿಗೆ ಮಾತು ಕೇಳಿಸದಿದ್ದರೂ ಗೊತ್ತಿರುತ್ತದಲ್ವಾ.

ಇದು ನನಗೆ ಅನುಭವದಿಂದ ಗೊತ್ತು. ಇಪ್ಪತ್ತು ವರ್ಷಗಳ ಹಿಂದೆ ನೀರ್ಚಾಲಿನ ಹತ್ತಿರ ಒಂದು ನಾಟಕಕ್ಕೆ ನಾನು ಹಾರ್ಮೋನಿಯಂ ಬಾರಿಸಿದ್ದೆ. ಆಟ ಮುಗಿದ ಮೇಲೆ ಒಬ್ಬ ಅಜ್ಜಿ ಹತ್ತಿರ ಬಂದು, ಹಾಡು ಲಾಯ್ಕಿತ್ತು ಮಗಾ, ಆದರೆ ಆ ಹುಡುಗಿ ಬಾವಿಯ ಹತ್ತಿರ ಯಾಕೆ ಹೋದದ್ದು ಎಂದು ಕೇಳಿದರು. ಕಾರಣ ಎರಡನೇ ಚರಣದಲ್ಲಿತ್ತು. ಆ ಚರಣಕ್ಕೆ ತಬಲಾ ಇಮ್ಮಡಿ ವೇಗದಲ್ಲಿ ದುಗುಣ ಹೊಡೆಯುತ್ತಿತ್ತು, ನಾನೂ ಉತ್ಸಾಹದಲ್ಲಿ ಎರಡು ಕೈಯಲ್ಲಿ ಬಾರಿಸುತ್ತಿದ್ದೆ. ಆರು ತಿಂಗಳು ನಾವು ಕಷ್ಟಪಟ್ಟು ಕಟ್ಟಿದ ಕಥೆಯ ಮುಖ್ಯ ಗಂಟು ನಮ್ಮದೇ ಸದ್ದಿನಡಿಯಲ್ಲಿ ಹೋಗಿತ್ತು. ಅಜ್ಜಿ ಕೇಳದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಯಾಕೆಂದರೆ ಉಳಿದವರೆಲ್ಲ ಚೆನ್ನಾಗಿತ್ತು ಅಥವಾ ಬೋರ್ ಎಂದಷ್ಟೇ ಹೇಳಿ ಹೋಗಿದ್ದರು.

ಈಗ ಮಾಡಬೇಕಾದ ಕೆಲಸ. ಹೊಗಳುವವರನ್ನೂ ಬೈಯುವವರನ್ನೂ ಒಂದು ಸಂಜೆ ಕರೆದು ಕೂರಿಸಿ, ಚಹಾ ಕೊಡಿ, ಚೆನ್ನಾಗಿತ್ತೇ ಎಂದು ಮಾತ್ರ ಕೇಳಬೇಡಿ. ಎರಡನೇ ಅಂಕದ ಹೊತ್ತಿಗೆ ಕಥೆ ಎಲ್ಲಿತ್ತು ಹೇಳಿ ಎಂದು ಕೇಳಿ. ಯಾವ ಜಾಗದಲ್ಲಿ ಅವರ ಕಥೆ ನಿಮ್ಮ ಕಥೆಯಿಂದ ಬೇರೆಯಾಗುತ್ತದೋ ಅಲ್ಲಿ ಒಂದು ಗುರುತು ಹಾಕಿ. ಆ ಹಾಡಿನ ಮೊದಲೋ ನಂತರವೋ ಎರಡು ಸಾಲು ಮಾತು ಸೇರಿಸಿ. ವಾದ್ಯ ಇಳಿಸಿ. ಬಾಯಿಗೆ ತೊಡಕಾಗುವ ಒತ್ತಕ್ಷರದ ಪದಗಳನ್ನು ಏರು ಸ್ವರದಲ್ಲಿ ಇಡಬೇಡಿ. ಒಬ್ಬರನ್ನು ವೇದಿಕೆಯ ಬದಿಯಲ್ಲಿ ಸಭೆಯ ಕಡೆ ಮುಖ ಮಾಡಿ ಕೂರಿಸಿ, ಜನ ಯಾವಾಗ ಕೆಮ್ಮಿದರು, ಯಾವಾಗ ಎದ್ದು ಹೊರಗೆ ಹೋದರು ಎಂದು ಬರೆದುಕೊಳ್ಳಲಿ. ಆಟದಲ್ಲಿ ಈ ಕೆಲಸವನ್ನು ಭಾಗವತರು ರಂಗಸ್ಥಳದಲ್ಲೇ ಮಾಡುತ್ತಾರೆ. ಸಭೆ ಸೋತರೆ ನಾಲ್ಕು ಪದ್ಯ ಬಿಟ್ಟು ಮುಂದೆ ಹೋಗುತ್ತಾರೆ, ಸಭೆ ಬಿಸಿಯಾದರೆ ಒಂದೇ ಪದ್ಯವನ್ನು ಕಾಲು ಗಂಟೆ ಎಳೆಯುತ್ತಾರೆ. ನಿಮ್ಮಲ್ಲಿ ಹದಿನಾಲ್ಕು ಹಾಡು, ಬೆಳಕು, ಪ್ರವೇಶ ಎಲ್ಲವೂ ಒಂದಕ್ಕೊಂದು ಕಟ್ಟಿಕೊಂಡಿವೆ. ಆ ಸ್ವಾತಂತ್ರ್ಯ ಇಲ್ಲ. ಹಾಗಾಗಿ ಮೊದಲೇ ತಿದ್ದಬೇಕು.

ಒಂದು ಹಾಡು ಬದಲಾಯಿಸಿ ಇಡೀ ನಾಟಕ ಎದ್ದು ನಿಂತದ್ದಕ್ಕೆ ದೊಡ್ಡ ಉದಾಹರಣೆಯೇ ಉಂಟು. 1962 ರಲ್ಲಿ ಅಮೆರಿಕದ 'ಎ ಫನಿ ಥಿಂಗ್ ಹ್ಯಾಪನ್ಡ್ ಆನ್ ದಿ ವೇ ಟು ದಿ ಫೋರಮ್' ಎಂಬ ಹಾಸ್ಯದ ಮ್ಯೂಸಿಕಲ್, ಅಂದರೆ ಹಾಡಿನ ನಾಟಕ, ನ್ಯೂಯಾರ್ಕಿಗೆ ಹೋಗುವ ಮೊದಲು ವಾಷಿಂಗ್ಟನ್ನಿನಲ್ಲಿ ಪ್ರಯೋಗ ಪ್ರದರ್ಶನ ಕೊಡುತ್ತಿತ್ತು. ಜನ ನಗಲಿಲ್ಲ. ಸಹಾಯಕ್ಕೆ ಬಂದ ನಿರ್ದೇಶಕ ಜೆರೋಮ್ ರಾಬಿನ್ಸ್ ಮೊದಲ ಹಾಡೇ ತಪ್ಪು ಎಂದರು. ಅದು ಪ್ರೀತಿಯ ಬಗ್ಗೆ ಇದ್ದ ಮೆದುವಾದ ಹಾಡು. ಇದು ಹಾಸ್ಯ, ನೀವು ನಗಬಹುದು ಎಂದು ಸಭೆಗೆ ಹೇಳುವವರೇ ಇರಲಿಲ್ಲ. ನಾಟಕದ ಹಾಡುಗಳನ್ನು ಬರೆದ ಸ್ಟೀಫನ್ ಸೋಂಡ್‌ಹೈಮ್ ಹೊಸ ಆರಂಭದ ಹಾಡು ಬರೆದುಕೊಟ್ಟರು. ಉಳಿದದ್ದು ಹೆಚ್ಚುಕಡಿಮೆ ಹಾಗೆಯೇ ಇತ್ತು. ನಾಟಕ ನ್ಯೂಯಾರ್ಕಿನಲ್ಲಿ 964 ಪ್ರದರ್ಶನ ಕಂಡಿತು.

ಗುಂಪು ಬಿಟ್ಟ ಇಬ್ಬರ ಮನೆಗೆ ನೀವೇ ಹೋಗಿ. ಫೋನ್ ಬೇಡ. ಏನು ತಿದ್ದಲು ಹೊರಟಿದ್ದೀರಿ ಎಂದು ಅವರಿಗೆ ಮೊದಲು ಹೇಳಿ, ಆಮೇಲೆ ವಾಪಸ್ ಬನ್ನಿ ಎಂದು ಕರೆಯಿರಿ.

ಪ್ರಶ್ನೆ: ನನ್ನ ಅಣ್ಣ ಲಂಡನ್ನಿನಲ್ಲಿ ಇದ್ದಾಗ 'ಲವ್ ನೆವರ್ ಡೈಸ್' ನೋಡಿ ಬಂದು ಹೊಗಳಿದ್ದೇ ಹೊಗಳಿದ್ದು. ಮೊನ್ನೆ ಅವನ ಗೆಳೆಯರೊಬ್ಬರು ಅದನ್ನು ಕೇಳಿ ಸಿಟ್ಟಾದರು, ಹಳೆಯ ನಾಟಕವನ್ನು ಹಾಳು ಮಾಡಿದ ದರಿದ್ರ ಎಂದರು. ಊಟದ ಮನೆಯಲ್ಲಿ ದೊಡ್ಡ ವಾದ. ಒಂದು ನಾಟಕಕ್ಕೆ ಇಷ್ಟು ಸಿಟ್ಟೇ? – ಓದುಗಿ, ಮಂಜೇಶ್ವರ

ಉತ್ತರ: ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಅವರು ಹೇಳಿದ ಹಳೆಯ ನಾಟಕ 'ಫ್ಯಾಂಟಮ್ ಆಫ್ ದಿ ಒಪೆರಾ'. ಅದು ಲಂಡನ್ನಿನಲ್ಲಿ ಶುರುವಾದದ್ದು 1986 ರಲ್ಲಿ. ನ್ಯೂಯಾರ್ಕಿನಲ್ಲಿ 1988 ರಿಂದ 2023 ರ ಏಪ್ರಿಲ್ ವರೆಗೆ 13,981 ಪ್ರದರ್ಶನ ಆಯಿತು. ಅದನ್ನು ಇಪ್ಪತ್ತು ಮೂವತ್ತು ಸಲ ನೋಡಿದವರು, ಎಲ್ಲ ಸಾಲು ಬಾಯಿಪಾಠ ಇರುವವರು ಎಷ್ಟೋ ಜನ. ಅದೇ ಸಂಗೀತಗಾರ ಆಂಡ್ರ್ಯೂ ಲಾಯ್ಡ್ ವೆಬ್ಬರ್ ಅದರ ಮುಂದಿನ ಕಥೆ ಎಂದು 2010 ರ ಮಾರ್ಚಿನಲ್ಲಿ 'ಲವ್ ನೆವರ್ ಡೈಸ್' ತಂದರು. ಅದರಲ್ಲಿ ಹಳೆಯ ನಾಟಕದ ಒಳ್ಳೆಯ ಹುಡುಗ ರೌಲ್ ಕುಡುಕನೂ ಜೂಜುಕೋರನೂ ಆಗಿದ್ದಾನೆ. ನಾಯಕಿ ಕ್ರಿಸ್ಟೀನ್ ಕೊನೆಗೆ ಸಾಯುತ್ತಾಳೆ. ಹಳೆಯ ಅಭಿಮಾನಿಗಳಿಗೆ ತಡೆಯಲಾಗಲಿಲ್ಲ. ಈ ನಾಟಕ ಬೇಡವೇ ಬೇಡ ಎಂದು ಗುಂಪು ಕಟ್ಟಿದರು. ನಾಟಕದ ಹೆಸರನ್ನೇ ತಿರುಚಿ, ಪ್ರೀತಿ ಸಾಯುವುದಿಲ್ಲ ಎಂಬುದನ್ನು ಬಣ್ಣ ಒಣಗುವುದಿಲ್ಲ ಎಂಬ ಅರ್ಥದ ಅಡ್ಡಹೆಸರು ಮಾಡಿದರು. ಬಣ್ಣ ಒಣಗುವುದನ್ನು ನೋಡುತ್ತ ಕೂರುವುದು ಎಂದರೆ ಇಂಗ್ಲಿಷಿನವರಿಗೆ ಬೇಸರದ ಪರಮಾವಧಿ. ಇನ್ನೊಂದು ಕಡೆ ಹಾಡುಗಳನ್ನು, ವಾದ್ಯಮೇಳವನ್ನು ಮನಸಾರೆ ಮೆಚ್ಚಿದವರೂ ಇದ್ದರು. ನಿಮ್ಮ ಅಣ್ಣ ಆ ಕಡೆಯವರು.

ನಮ್ಮಲ್ಲಿ ಯೋಚಿಸಿ. ಯಾರೋ ಯಕ್ಷಗಾನಕ್ಕೆ ಒಂದು ಹೊಸ ಪ್ರಸಂಗ ಬರೆದು, ಕರ್ಣ ಯುದ್ಧ ಆದ ಮೇಲೂ ಬದುಕಿದ್ದ, ಆಮೇಲೆ ಕುಡಿದು ಹಾಳಾದ ಎಂದು ತೋರಿಸಿದರೆ ಬಣ್ಣ ಹಚ್ಚುವ ಚೌಕಿಗೇ ಜನ ನುಗ್ಗುತ್ತಾರೆ. ಕರ್ಣನ ಜೊತೆ ಒಂದು ರಾತ್ರಿ ಅತ್ತವನಿಗೆ ಅವನು ಮನೆಯವನ ಹಾಗೆ. ಹಾಗೆಂದು ಬರೆಯಲೇಬಾರದು ಎಂದು ನಾನು ಹೇಳುವುದಿಲ್ಲ. ರೌಲ್ ಒಳ್ಳೆಯವನಾಗಿದ್ದವನು ಯಾಕೆ ಕೆಟ್ಟ, ಎರಡು ಕಥೆಗಳ ನಡುವಿನ ಹತ್ತು ವರ್ಷದಲ್ಲಿ ಏನಾಯಿತು, ಅದನ್ನು ನಮಗೆ ತೋರಿಸಬೇಕಿತ್ತು. ತೋರಿಸಲಿಲ್ಲ, ಕೆಟ್ಟವನನ್ನೇ ತಂದು ನಿಲ್ಲಿಸಿದರು. ನನ್ನ ತಕರಾರು ಅದಕ್ಕೆ. ಹಾಡುಗಳ ಬಗ್ಗೆ ನಿಮ್ಮ ಅಣ್ಣನ ಮಾತನ್ನು ನಾನು ಒಪ್ಪುತ್ತೇನೆ.

ಅಲ್ಲಿಯವರು ತಿದ್ದಲೂ ನೋಡಿದರು. 2010 ರ ನವೆಂಬರಿನಲ್ಲಿ ಕೆಲವು ದಿನ ಪ್ರದರ್ಶನ ನಿಲ್ಲಿಸಿ ಬದಲಾವಣೆ ಮಾಡಿದರು. ಅಷ್ಟು ಹೊತ್ತಿಗೆ ಊರೆಲ್ಲ ಮಾತು ಹರಡಿತ್ತು. 2011 ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಪ್ರದರ್ಶನ ನಿಂತೇಹೋಯಿತು. ಅದೇ ವರ್ಷ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಹೊಸ ನಿರ್ದೇಶಕ, ಹೊಸ ರಂಗಸಜ್ಜಿಕೆಯೊಂದಿಗೆ ಮತ್ತೆ ಕಟ್ಟಿದರು. ಅದರ ಚಿತ್ರೀಕರಣವೂ ಆಗಿದೆ. ನಿಮ್ಮ ಅಣ್ಣ ಮತ್ತು ಅವರ ಗೆಳೆಯ ಒಟ್ಟಿಗೆ ಕೂತು ಅದನ್ನು ನೋಡಲಿ. ಊಟ ಮುಗಿದ ಮೇಲೆ.

ಪ್ರಶ್ನೆ: ನಾಟಕ ನೋಡದೆ ಬೈಯುವವರಿಗೆ ಏನು ಹೇಳಬೇಕು? – ಓದುಗ, ಕುಂಬಳೆ

ಉತ್ತರ: ಒಂದು ಟಿಕೆಟ್ ಕೊಡಿ. ಬಂದರೆ ಬಂದರು. ಬಾರದಿದ್ದರೆ ಅವರ ಮಾತಿಗೆ ಉತ್ತರ ಕೊಡುತ್ತ ಕೂರಬೇಡಿ.

ಆದರೆ ಇದರಲ್ಲೇ ಇನ್ನೊಂದು ಕಷ್ಟದ ಪ್ರಶ್ನೆ ಉಂಟು. ನಾಟಕ ಯಾವಾಗ ತಯಾರಾಯಿತು, ಯಾವಾಗಿನಿಂದ ಬೈಯಬಹುದು? ನ್ಯೂಯಾರ್ಕಿನ ದೊಡ್ಡ ನಾಟಕಶಾಲೆಗಳಿರುವ ಬ್ರಾಡ್‌ವೇಯಲ್ಲಿ ಅಧಿಕೃತ ಉದ್ಘಾಟನೆಗೆ ಮೊದಲು ಕೆಲವು ವಾರ ಪೂರ್ವಪ್ರದರ್ಶನ ಇರುತ್ತದೆ. ಜನ ದುಡ್ಡು ಕೊಟ್ಟು ನೋಡುತ್ತಾರೆ, ತಂಡ ಹಗಲು ತಿದ್ದಿ ರಾತ್ರಿ ಆಡುತ್ತದೆ. ಅಲ್ಲಿಯವರೆಗೆ ವಿಮರ್ಶಕರು ಬರೆಯಬಾರದು ಎಂಬುದು ಪದ್ಧತಿ. 'ಸ್ಪೈಡರ್ ಮ್ಯಾನ್: ಟರ್ನ್ ಆಫ್ ದಿ ಡಾರ್ಕ್' ಎಂಬ ಮ್ಯೂಸಿಕಲ್ 2010 ರ ನವೆಂಬರಿನಲ್ಲಿ ಪೂರ್ವಪ್ರದರ್ಶನ ಶುರು ಮಾಡಿ, ಉದ್ಘಾಟನೆಯನ್ನು ಮುಂದೆ ಹಾಕುತ್ತ, ಹಾಕುತ್ತ, 182 ಪೂರ್ವಪ್ರದರ್ಶನ ಮಾಡಿತು. ಖರ್ಚು ಸುಮಾರು 7.5 ಕೋಟಿ ಡಾಲರ್. ಹಗ್ಗದಲ್ಲಿ ಹಾರುವ ಕಲಾವಿದರಿಗೆ ಗಾಯಗಳಾದವು. ವಿಮರ್ಶಕರು ಕಾದು ಕಾದು 2011 ರ ಫೆಬ್ರವರಿಯಲ್ಲಿ ಬರೆದೇಬಿಟ್ಟರು, ತುಂಬ ಕಟುವಾಗಿ. ನಿರ್ದೇಶಕಿ ಜೂಲಿ ಟೇಮರ್ ಜಾಗಕ್ಕೆ ಬೇರೆಯವರು ಬಂದರು. ಜೂನ್‌ನಲ್ಲಿ ಉದ್ಘಾಟನೆಯಾಯಿತು, 2014 ರ ಜನವರಿಯಲ್ಲಿ ದೊಡ್ಡ ನಷ್ಟದಲ್ಲಿ ಮುಗಿಯಿತು. ಪೂರ್ತಿ ದುಡ್ಡು ತೆಗೆದುಕೊಂಡ ಮೇಲೆ ಇನ್ನೂ ತಯಾರಾಗಿಲ್ಲ ಎನ್ನುವುದು ನ್ಯಾಯವಲ್ಲ ಎಂದು ನನ್ನ ಅಭಿಪ್ರಾಯ. ಬೈದವರು ನೋಡಿಯೇ ಬೈದರು.

ಪ್ರಶ್ನೆ: ಮರಾಠಿ ಸಂಗೀತ ನಾಟಕಕ್ಕೆ ನಮ್ಮ ಯಕ್ಷಗಾನವೇ ಮೂಲ ಎನ್ನುತ್ತಾರೆ. ನಿಜವೇ? ಅಲ್ಲಿಯೂ ಅಭಿಮಾನಿಗಳ ಜಗಳ ಇತ್ತೇ? – ಓದುಗ, ಉಪ್ಪಳ

ಉತ್ತರ: ಮೂಲ ಎನ್ನುವುದು ಸ್ವಲ್ಪ ಜಾಸ್ತಿಯಾಯಿತು, ಪ್ರೇರಣೆ ಎಂದರೆ ಸರಿ. ಉತ್ತರ ಕನ್ನಡದ ಕರ್ಕಿ ಕಡೆಯ ಮೇಳ ಸಾಂಗ್ಲಿಯಲ್ಲಿ ಆಟ ಆಡಿದ್ದನ್ನು ನೋಡಿ ಅಲ್ಲಿಯ ಅರಸರು ಇಂಥದ್ದು ಮರಾಠಿಯಲ್ಲೂ ಆಗಲಿ ಎಂದರು, ವಿಷ್ಣುದಾಸ ಭಾವೆ 1843 ರಲ್ಲಿ 'ಸೀತಾ ಸ್ವಯಂವರ' ಆಡಿಸಿದರು ಎಂದು ಮರಾಠಿ ರಂಗಭೂಮಿಯ ಚರಿತ್ರೆ ಬರೆದವರೇ ಹೇಳುತ್ತಾರೆ. 1880 ರಲ್ಲಿ 'ಸಂಗೀತ ಶಾಕುಂತಲ' ತಂದ ಅಣ್ಣಾಸಾಹೇಬ ಕಿರ್ಲೋಸ್ಕರರ ಊರೂ ಕನ್ನಡನಾಡಿನದ್ದೇ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರು.

ಜಗಳ ಇಲ್ಲದೆ ಇರುತ್ತದೆಯೇ? ಬಾಲಗಂಧರ್ವ ಮತ್ತು ಕೇಶವರಾವ್ ಭೋಸಲೆ ಇಬ್ಬರೂ ದೊಡ್ಡ ಗಾಯಕ ನಟರು, ಇಬ್ಬರಿಗೂ ಬೇರೆ ಬೇರೆ ಕಂಪನಿ, ಬೇರೆ ಬೇರೆ ಅಭಿಮಾನಿಗಳು. 1921 ರ ಜುಲೈನಲ್ಲಿ ಮುಂಬೈಯಲ್ಲಿ ಇಬ್ಬರೂ ಒಂದೇ ವೇದಿಕೆಯಲ್ಲಿ 'ಮಾನಾಪಮಾನ' ಆಡಿದರು, ತಿಲಕ್ ಸ್ವರಾಜ್ಯ ನಿಧಿಗಾಗಿ. ಇದು 'ಸಂಯುಕ್ತ ಮಾನಾಪಮಾನ' ಎಂದೇ ಹೆಸರಾಗಿದೆ. ಭೋಸಲೆ ನಾಯಕ ಧೈರ್ಯಧರ, ಬಾಲಗಂಧರ್ವ ನಾಯಕಿ ಭಾಮಿನಿ. ಎರಡು ಕಡೆಯ ಅಭಿಮಾನಿಗಳು ಒಂದೇ ಸಭೆಯಲ್ಲಿ ಕುಳಿತು ಎದುರಿನವನ ಹಾಡನ್ನೂ ಪೂರ್ತಿ ಕೇಳಬೇಕಾದ ರಾತ್ರಿ ಅದು. ಅದೇ ವರ್ಷ ಅಕ್ಟೋಬರಿನಲ್ಲಿ ಭೋಸಲೆ ತೀರಿಕೊಂಡರು. ಅದನ್ನು ನೆನೆದಾಗಲೆಲ್ಲ ನನಗೆ ಆ ಸಭೆಯಲ್ಲಿ ಇರಬೇಕಿತ್ತು ಎನ್ನಿಸುತ್ತದೆ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿನಿ. ಬದಿಯಡ್ಕದ ಕಡೆಯ ಆ ಹೊಸ ನಾಟಕ ನೋಡಿದೆ, ನನಗೆ ತುಂಬ ಇಷ್ಟವಾಯಿತು. ಎಲ್ಲರೂ ಬಿದ್ದ ನಾಟಕ ಎನ್ನುತ್ತಿದ್ದಾರೆ. ನನ್ನ ರುಚಿಯೇ ಸರಿ ಇಲ್ಲವೇ? ಇನ್ನೊಂದು ವಿಷಯ. ಮಲಯಾಳಂ ಮಾತು ಸೇರಿಸಿದರೆ ಜನ ಬರುತ್ತಾರೆ ಎಂದು ಕೆಲವರು, ಸೇರಿಸಿದರೆ ಕನ್ನಡಕ್ಕೆ ದ್ರೋಹ ಎಂದು ಕೆಲವರು ವಾದ ಮಾಡುತ್ತಿದ್ದಾರೆ. – ಓದುಗಿ, ಮುಳ್ಳೇರಿಯ

ಉತ್ತರ: ನಿಮ್ಮ ರುಚಿಗೆ ಏನೂ ಆಗಿಲ್ಲ. 1981 ರಲ್ಲಿ ಸೋಂಡ್‌ಹೈಮ್ ಅವರದೇ 'ಮೆರಿಲಿ ವಿ ರೋಲ್ ಅಲಾಂಗ್' ಬ್ರಾಡ್‌ವೇಯಲ್ಲಿ ಉದ್ಘಾಟನೆಯಾದ ಮೇಲೆ 16 ಪ್ರದರ್ಶನಕ್ಕೇ ನಿಂತುಹೋಯಿತು. ಕಥೆ ಹಿಂದಕ್ಕೆ ಹೋಗುತ್ತದೆ, ಮುದುಡಿದ ಸ್ನೇಹದಿಂದ ಶುರುವಾಗಿ ಆ ಸ್ನೇಹ ಹುಟ್ಟಿದ ದಿನಕ್ಕೆ ಬಂದು ಮುಗಿಯುತ್ತದೆ. ಪಾತ್ರ ಯಾರು ಎಂದು ಗೊತ್ತಾಗಲಿ ಅಂತ ನಟರ ಅಂಗಿಯ ಮೇಲೆಯೇ ಬರೆದರು, ಆದರೂ ಜನ ಮಧ್ಯದಲ್ಲಿ ಎದ್ದು ಹೋದರು. ಆದರೆ ಅದರ ಹಾಡುಗಳನ್ನು ಹಿಡಿದುಕೊಂಡ ಒಂದಷ್ಟು ಜನ ಇದ್ದರು. ಹಾಡು ಕೇಳಿದರು, ಬೇರೆಯವರಿಗೆ ಕೇಳಿಸಿದರು, ಸಣ್ಣ ತಂಡಗಳು ಆಡಿದವು. ಬರೆದವರೂ ಅದನ್ನು ಮತ್ತೆ ಮತ್ತೆ ತಿದ್ದಿದರು. 2023 ರಲ್ಲಿ ಅದೇ ನಾಟಕ ಬ್ರಾಡ್‌ವೇಗೆ ವಾಪಸ್ ಬಂದು, 2024 ರಲ್ಲಿ ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಗಳಲ್ಲಿ ನಾಲ್ಕನ್ನು ಪಡೆಯಿತು. ಸೋಂಡ್‌ಹೈಮ್ 2021 ರಲ್ಲೇ ತೀರಿಕೊಂಡಿದ್ದರು. ಅವರು ಅದನ್ನು ನೋಡಲಿಲ್ಲವಲ್ಲ ಎಂದು ನನಗೆ ಈಗಲೂ ನೋವಾಗುತ್ತದೆ.

ಮಲಯಾಳಂ ವಿಷಯ. ನಮ್ಮ ಪೇಟೆಯ ಒಂದು ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಕನ್ನಡ, ತುಳು, ಮಲಯಾಳಂ, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲ ಕೇಳುತ್ತದೆ. ಕಥೆಯಲ್ಲಿ ಅಂಥ ಅಂಗಡಿ ಇದ್ದರೆ ಅಂಗಡಿಯವನು ಮಲಯಾಳಂ ಮಾತಾಡಲಿ, ಅದರಲ್ಲಿ ದ್ರೋಹ ಏನೂ ಇಲ್ಲ, ಅದು ನಾವು ಬದುಕುವ ರೀತಿ. ಆದರೆ ಟಿಕೆಟ್ ಮಾರಲು ಮಾತ್ರ ನಾಯಕಿಯ ಬಾಯಿಗೆ ಮಲಯಾಳಂ ತುರುಕಬೇಡಿ. ನೋಡುವವರಿಗೆ ಕೂಡಲೇ ಗೊತ್ತಾಗುತ್ತದೆ. ಯಕ್ಷಗಾನಕ್ಕೆ ತುಳು ಬಂದಾಗಲೂ ಆಟ ಕೆಟ್ಟಿತು ಎಂದವರಿದ್ದರು. ಆದರೂ ತುಳುನಾಡಿನ ವೀರರಾದ ಕೋಟಿ ಚೆನ್ನಯರ ಕಥೆ ತುಳುವಿನಲ್ಲಿ ನಡೆದಾಗ ಜನ ಕಿಕ್ಕಿರಿದು ಬಂದರು. ಅದು ಅವರ ಮಾತೇ ಆಗಿತ್ತು.

ಈಗ ನಿಮಗೊಂದು ಕೆಲಸ. ನಾಟಕ ನಿಮಗೆ ಇಷ್ಟವಾಯಿತು ಎಂದಿರಿ. ಯಾವ ಹಾಡು, ಯಾವ ಸಾಲು ಬಂದಾಗ ಹಾಗೆನಿಸಿತು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಎಲ್ಲಿ ಅರ್ಥವಾಗಲಿಲ್ಲ ಎಂಬುದನ್ನೂ ಬರೆಯಿರಿ, ಮುಚ್ಚಿಡಬೇಡಿ. ಅದನ್ನು ಈ ಅಂಕಣಕ್ಕೆ ಕಳಿಸಿ, ನಾನು ಬದಿಯಡ್ಕದವರಿಗೆ ತಲುಪಿಸುತ್ತೇನೆ. ಅವರು ತಿದ್ದಲು ಕೂರುವ ಮೊದಲು ಅದು ಅವರ ಕೈಯಲ್ಲಿರಬೇಕು.